ಸಹಾಯ ಬೇಕು: ಒಂದೇ ಚಾರ್ಟ್, ಎರಡು ದೂರ!

ಕಡಲ ಚಾರ್ಟ್ ಓದುವುದನ್ನು ಮನೆಯಲ್ಲೇ ಕಲಿಯುತ್ತಿದ್ದೇನೆ, ತಲೆ ಕೆಟ್ಟುಹೋಗಿದೆ. ಮಲ್ಪೆಯಿಂದ ಕಾರವಾರಕ್ಕೆ ಪೆನ್ಸಿಲ್ ಗೆರೆ ಎಳೆದು, ಡಿವೈಡರನ್ನು ಹತ್ತತ್ತು ಮೈಲಿಗೆ ಇಟ್ಟು ಹೆಜ್ಜೆ ಹಾಕಿಸಿದೆ. ಬಲಬದಿಯ ಅಕ್ಷಾಂಶದ ಪಟ್ಟಿಯಲ್ಲಿ ಸುಮಾರು 93 ನಾಟಿಕಲ್ ಮೈಲು ಬಂತು, ಕೆಳಗಿನ ರೇಖಾಂಶದ ಪಟ್ಟಿಯಲ್ಲಿ 96. ಡಿವೈಡರ್ ಸಡಿಲವೇನೋ ಅಂತ ಸ್ಕ್ರೂ ಬಿಗಿ ಮಾಡಿ ಮೂರು ಸಲ ಅಳೆದೆ, ಅದೇ ಕಥೆ.

ಅಕ್ಷಾಂಶದ 1 ಮಿನಿಟು (ಡಿಗ್ರಿಯ 60ರಲ್ಲಿ ಒಂದು ಭಾಗ) ಅಂದರೆ 1 ನಾಟಿಕಲ್ ಮೈಲು, ಸುಮಾರು 1852 ಮೀಟರ್. ರೇಖಾಂಶಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುತ್ತವೆ, ಹಾಗಾಗಿ ಕೆಳಗಿನ ಪಟ್ಟಿ ಬೇಡ. ಇಷ್ಟು ಅರ್ಥವಾಯಿತು.

ಸಿಕ್ಕಿಬಿದ್ದಿದ್ದು ಇಲ್ಲಿ. ಬಲಬದಿಯ ಪಟ್ಟಿಯಲ್ಲೂ ಗೆರೆ ಇರುವ ಮಟ್ಟದಲ್ಲೇ ಅಳೆಯಬೇಕಂತೆ, ಮೇಲೆ ಕೆಳಗೆ ಎಲ್ಲೆಂದರಲ್ಲಿ ಅಲ್ಲವಂತೆ. ಮಿನಿಟು ಎಲ್ಲಾ ಒಂದೇ ಅಲ್ವಾ, ಚಾರ್ಟ್ ಮೇಲೆ ಅದರ ಉದ್ದ ಯಾಕೆ ಬದಲಾಗುತ್ತದೆ? ಇಷ್ಟುದ್ದದ ಗೆರೆಗೆ ಪಟ್ಟಿಯ ಯಾವ ಭಾಗದಲ್ಲಿ ಡಿವೈಡರ್ ಇಡಬೇಕು?