ಪಿಕಪ್ ಟೈರ್‌ನ ಗಾಳಿ ಮನೆಯಲ್ಲೇ ನೋಡುವುದು: ಮೆಕ್ಯಾನಿಕ್ ಉತ್ತರಿಸುತ್ತಾರೆ

ಹೊಸ ಮಾಲೀಕ: ನಮಸ್ಕಾರ ಸರ್. ಗಾಳಿ ನೋಡುವ ಗೇಜ್ ಕೊಂಡಿದ್ದೇನೆ. ಎಷ್ಟು ಹಿಡಿಸಬೇಕು? ಟೈರ್ ಮೇಲೆ 80 ಪಿಎಸ್‌ಐ ಎಂದಿದೆ.

ಟೈರ್ ಮೆಕ್ಯಾನಿಕ್: ನಮಸ್ಕಾರ. ಅದು ಟೈರ್ ತಡೆಯುವ ಗರಿಷ್ಠ ಒತ್ತಡ, ನಿಮ್ಮ ಗಾಡಿಯ ಲೆಕ್ಕವಲ್ಲ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರೆ, ಅದನ್ನು ನೋಡಿ. ಪಿಕಪ್‌ನಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ಅಂಕಿ ಬೇರೆ ಇರುವುದುಂಟು. ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಲಿ. ಗೇಜನ್ನು ವಾಲ್ವ್‌ಗೆ ನೇರವಾಗಿ ಒತ್ತಿ. ‘ಸುಸ್’ ಎನ್ನುತ್ತಲೇ ಇದ್ದರೆ ಓರೆಯಾಗಿದೆ, ಆಗ ತೋರಿಸಿದ ಅಂಕಿಗೆ ಬೆಲೆಯಿಲ್ಲ.

ಮೌನಿ: ಸ್ಟೆಪ್ನಿಗೆ ಎಷ್ಟು ಹಿಡಿಸಬೇಕು ಸರ್?

ದೂರ ಪ್ರಯಾಣಿಕ: ನನ್ನ ಗೇಜ್ 2.4 ತೋರಿಸುತ್ತದೆ. ಕೆಟ್ಟಿದೆಯೇ?

ಟೈರ್ ಮೆಕ್ಯಾನಿಕ್: ಇಲ್ಲ. ಅದು ಬಾರ್, ಪಿಎಸ್‌ಐನಂತೆಯೇ ಒತ್ತಡದ ಇನ್ನೊಂದು ಅಳತೆ. 14.5ರಿಂದ ಗುಣಿಸಿ, 35 ಪಿಎಸ್‌ಐ ಬರುತ್ತದೆ.

ಇಟ್ಟಿಗೆ ಲೋಡ್: ಸರ್, ಹಿಂದಿನ ಎಡ ಟೈರ್‌ಗೆ ಚೀಟಿಯ ಪ್ರಕಾರ 54 ಬೇಕು. ಬೆಳಿಗ್ಗೆ ನೋಡಿದರೆ 22. ನಿನ್ನೆ ಪೂರ್ತಿ ಲೋಡ್ ಹಾಕಿ ಓಡಿಸಿದ್ದೆ. ಮನೆಯ ಪಂಪ್‌ನಿಂದ ತುಂಬಿಸುವಾಗ ಒಳಗೆ ಎರಡು ಸಲ ‘ಟಕ್’ ಎಂದಿತು. ಈಗ 38ಕ್ಕೆ ನಿಲ್ಲಿಸಿದ್ದೇನೆ. ಮುಂದುವರಿಸಲೇ?

ಟೈರ್ ಮೆಕ್ಯಾನಿಕ್: ಬೇಡ. ಪಂಪ್ ಬಂದ್ ಮಾಡಿ, ಆ ಚಕ್ರದ ಪಕ್ಕದಿಂದ ದೂರ ಸರಿಯಿರಿ, ಮಕ್ಕಳನ್ನೂ ಆಚೆ ಕಳುಹಿಸಿ. ಉಳಿದದ್ದನ್ನು ಆಮೇಲೆ ಓದಿ.

ಗಾಳಿ ಕಡಿಮೆಯಾದ ಟೈರ್ ಲೋಡ್ ಹೊತ್ತು ಓಡಿದರೆ ಅದರ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ಅದರಿಂದ ಕಾವು ಏರಿ ಒಳಗಿನ ರಬ್ಬರ್ ಸವೆಯುತ್ತದೆ, ಎಳೆಗಳು ಸೋಲುತ್ತವೆ. ಹೊರಗಿನಿಂದ ಏನೂ ಕಾಣಿಸದಿರಬಹುದು. ಗೋಡೆಯಲ್ಲಿ ಉಕ್ಕಿನ ಎಳೆಯಿರುವ ಟೈರ್‌ಗೆ ಹಾಗೆಯೇ ಗಾಳಿ ತುಂಬಿಸಿದರೆ ಎಳೆಗಳು ಒಂದೊಂದಾಗಿ ಹರಿಯುತ್ತವೆ. ‘ಟಕ್’ ಎಂದದ್ದು ಅದೇ ಇರಬಹುದು. ಕೊನೆಗೆ ಗೋಡೆಯೇ ಸೀಳಿಕೊಂಡು ಸಿಡಿಯುತ್ತದೆ, ಎದುರಿಗೆ ನಿಂತವನು ಉಳಿಯುವುದು ಕಷ್ಟ. ಇರಬೇಕಾದ ಅಂಕಿಯ ಶೇಕಡ 80ಕ್ಕಿಂತ ಕೆಳಗಿಳಿದು ಓಡಿದ ಟೈರನ್ನು ರಿಮ್‌ನಿಂದ ಬಿಚ್ಚಿ ಒಳಭಾಗ ನೋಡದೆ ನಾನು ತುಂಬಿಸುವುದಿಲ್ಲ. ನಿಮ್ಮದು ಅರ್ಧಕ್ಕೂ ಕೆಳಗಿತ್ತು. ಗಾಡಿ ಓಡಿಸಿಕೊಂಡು ಹೋಗಬೇಡಿ. ಟೈರ್ ಕೆಲಸದವರನ್ನು ಸ್ಥಳಕ್ಕೇ ಕರೆಸಿ, ಅವರು ಕೈ ಹಾಕುವ ಮೊದಲೇ ಸದ್ದಿನ ವಿಷಯ ಹೇಳಿ.

ಹಿತೈಷಿ: ಎಲ್ಲರ ಗಮನಕ್ಕೆ, ಬಂದ ಸಂದೇಶ: ‘ಬೇಸಿಗೆಯಲ್ಲಿ 5 ಪಿಎಸ್‌ಐ ಕಡಿಮೆ ಹಿಡಿಸಿ, ಟೈರ್ ಸಿಡಿಯುವುದಿಲ್ಲ.’ ಹಂಚಿಕೊಳ್ಳಿ 🙏

ಟೈರ್ ಮೆಕ್ಯಾನಿಕ್: ಹಂಚಬೇಡಿ. ಮೇಲೆ ಬರೆದದ್ದನ್ನು ಓದಿದಿರಾ? ಗಾಳಿ ಕಡಿಮೆಯಾದಷ್ಟೂ ಕಾವು ಹೆಚ್ಚು. ಓಡಿ ಬಂದ ಟೈರ್‌ನಲ್ಲಿ 35 ಇದ್ದದ್ದು 39 ಆಗುವುದು ಸಹಜ, ಚೀಟಿ ಬರೆದವರಿಗೂ ಅದು ಗೊತ್ತು. ಬಿಸಿಯಿರುವಾಗ ಇಳಿಸಬೇಡಿ.

ಹಳೆಯ ಚಾಲಕ: ಗೇಜ್ ಎಲ್ಲ ಈಗ ಬಂದದ್ದು. ಕಾಲಿನಿಂದ ಒದ್ದರೆ ನನಗೆ ಗೊತ್ತಾಗುತ್ತದೆ.

ದೂರ ಪ್ರಯಾಣಿಕ: ನಿಮ್ಮ ಕಾಲಿಗೆ ಬಾರ್ ಗೊತ್ತೋ ಪಿಎಸ್‌ಐ ಗೊತ್ತೋ?

ಹಳೆಯ ಚಾಲಕ: ನೀವು ಹುಟ್ಟುವ ಮೊದಲೇ ಗಾಡಿ ಓಡಿಸಿದವನು ನಾನು. ಸ್ವಲ್ಪ ಮರ್ಯಾದೆ ಇರಲಿ.

ಹಿತೈಷಿ: ಜಗಳ ಬೇಡ. ನೈಟ್ರೋಜನ್ ಹಾಕಿಸಿದರೆ ನೋಡುವ ತಾಪತ್ರಯವೇ ಇಲ್ಲವಂತೆ.

ದೂರ ಪ್ರಯಾಣಿಕ: ಗಾಳಿಯಲ್ಲೇ ಶೇಕಡ 78 ನೈಟ್ರೋಜನ್ ಇದೆ ಸ್ವಾಮಿ.

ಹಿತೈಷಿ: ಒಳ್ಳೆಯದಕ್ಕೆ ಹೇಳಿದೆ. ಅದಕ್ಕೂ ಕುಹಕವೇ?

ಹೊಸ ಮಾಲೀಕ: ಸರ್, ಗಾಡಿ ಓಡಿಸಿ ಬಂದ ಕೂಡಲೇ ನೋಡಬಹುದೇ?

ಟೈರ್ ಮೆಕ್ಯಾನಿಕ್: ಮೂರು ಗಂಟೆ ಎಂದು ನಿಮಗೇ ಬರೆದಿದ್ದೇನೆ. ‘ಇಟ್ಟಿಗೆ ಲೋಡ್’ ಅವರೇ, ಎಲ್ಲಿದ್ದೀರಿ?

ಹಳೆಯ ಚಾಲಕ: ವಾಲ್ವ್‌ಗೆ ಎಂಜಲು ಹಚ್ಚಿ ನೋಡಿ, ಗುಳ್ಳೆ ಬಂದರೆ ಪಿನ್ ಹೋಗಿದೆ. ಇದಕ್ಕೂ ತಕರಾರಿದೆಯೇ?

ಟೈರ್ ಮೆಕ್ಯಾನಿಕ್: ಇಲ್ಲ. ಸಾಬೂನು ನೀರಾದರೆ ಇನ್ನೂ ಒಳ್ಳೆಯದು. ಅವರು ಉತ್ತರಿಸುವವರೆಗೆ ಉಳಿದವರು ಸುಮ್ಮನಿರಿ.

ಇಟ್ಟಿಗೆ ಲೋಡ್: ಕ್ಷಮಿಸಿ, ಕೆಲಸದವರು ಈಗ ಬಂದು ಹೋದರು. ದೂರದಿಂದಲೇ ಗಾಳಿ ಇಳಿಸಿ ಬಿಚ್ಚಿದರು. ಒಳಗೆ ಒಂದು ಹಿಡಿ ಕಪ್ಪು ಪುಡಿ ಇತ್ತು, ಗೋಡೆಯ ಸುತ್ತ ಉಂಗುರದಂತೆ ಸವೆದಿತ್ತು. ಒಂದೆಡೆ ತಂತಿ ಹೊರಗೆ ಬಂದಿದೆ. ಸ್ಟೆಪ್ನಿಗಾದರೂ ಇಟ್ಟುಕೊಳ್ಳಬಹುದೇ?

ಟೈರ್ ಮೆಕ್ಯಾನಿಕ್: ಬೇಡ. ಇನ್ನೊಬ್ಬರು ಹಾಕಿಕೊಳ್ಳದಂತೆ ಕತ್ತರಿಸಿ ಎಸೆಯಿರಿ. ಹಿಂದಿನ ಬಲ ಟೈರ್ ಎಷ್ಟು ತೋರಿಸಿತು?

ಇಟ್ಟಿಗೆ ಲೋಡ್: ಅದನ್ನು ನೋಡಲಿಲ್ಲ.

ಮೌನಿ: ಸ್ಟೆಪ್ನಿಗೆ ಎಷ್ಟು ಎಂದು ನಾನೂ ಬೆಳಿಗ್ಗೆಯೇ ಕೇಳಿದ್ದೆ.