ನರ್ಸಿಂಗ್ ಓದುವವಳಿಗೆ ನೆಟ್‌ವರ್ಕ್ ಪಾಠ: ಕನ್ನಡದಲ್ಲಿ ಯಾರಾದರೂ ಹೇಳಿಕೊಡ್ತೀರಾ?

ಸೀತಾಂಗೋಳಿ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ, ಈಗ ಎರಡನೇ ಸೆಮಿಸ್ಟರ್. ಊರು ಕುಂಬಳೆ ಹತ್ತಿರದ ಸೀತಾಂಗೋಳಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪ್ಲಸ್ ಟೂ ಪುಸ್ತಕ ಇಂಗ್ಲಿಷಿನಲ್ಲಿ, ಟೀಚರ್ ವಿವರಿಸುತ್ತಿದ್ದದ್ದು ಮಲಯಾಳದಲ್ಲಿ, ನಾನು ಮಾರ್ಜಿನ್ನಿನಲ್ಲಿ ಬರೆದುಕೊಳ್ಳುತ್ತಿದ್ದದ್ದು ಕನ್ನಡದಲ್ಲಿ, ಮನೆಗೆ ಬಂದು ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದದ್ದು ತುಳುವಿನಲ್ಲಿ. ನಮ್ಮ ಕಾಸರಗೋಡಿನವರಿಗೆ ಇದು ಹೊಸತಲ್ಲ.

ಅನಾಟಮಿ, ಫಿಸಿಯಾಲಜಿ ಹೇಗೋ ದಾಟಿದೆ. ಮೂಳೆಯನ್ನು ಕೈಯಲ್ಲಿ ಹಿಡಿದು ನೋಡಬಹುದು, ನಾಡಿ ಮುಟ್ಟಿ ಎಣಿಸಬಹುದು. ಈಗ ಸಿಕ್ಕಿಬಿದ್ದದ್ದು ಹೆಲ್ತ್ ಇನ್ಫರ್ಮ್ಯಾಟಿಕ್ಸ್ ಎಂಬ ಪೇಪರಿನಲ್ಲಿ. ಹಳೆಯ ಸಿಲಬಸ್ಸಿನಲ್ಲಿ ಕಂಪ್ಯೂಟರ್ ಪರಿಚಯ ಅಂತ ಸಣ್ಣದೊಂದು ಇತ್ತಂತೆ. 2021ರ ಹೊಸ ಸಿಲಬಸ್ಸಿನಲ್ಲಿ ಅದು ದೊಡ್ಡದಾಗಿದೆ. ಮೇಡಂ ಕೊಟ್ಟ ಅಸೈನ್‌ಮೆಂಟ್ ಇದು: "ಬೆಡ್ಡಿನ ಪಕ್ಕದ ಮಾನಿಟರಿನ ಮಾಹಿತಿ ನರ್ಸಿಂಗ್ ಸ್ಟೇಷನ್ನಿಗೆ ಹೇಗೆ ತಲುಪುತ್ತದೆ?" ನಾಲ್ಕು ಪುಟ ಬರೆಯಬೇಕು, ಆಮೇಲೆ ವೈವಾ ಉಂಟು.

ತಮ್ಮ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಓದುತ್ತಿದ್ದಾನೆ. ಅವನಿಗೂ ಇದೇ ತಿಂಗಳು ನೆಟ್‌ವರ್ಕಿಂಗ್ ಪರೀಕ್ಷೆ. ಅವನನ್ನು ಕೇಳಿದರೆ ನೆಟ್‌ವರ್ಕಿನ ಕೆಲಸವನ್ನು ಏಳು ಹಂತ ಮಾಡಿ ತೋರಿಸುವ ಓಎಸ್‌ಐ ಮಾದರಿಯ ಏಳು ಲೇಯರ್ ಅಂತ ಕೆಳಗಿನಿಂದ ಮೇಲೆ ಗಾಯತ್ರಿ ಮಂತ್ರದ ಹಾಗೆ ಹೇಳುತ್ತಾನೆ. ಎನ್‌ಕ್ಯಾಪ್ಸುಲೇಷನ್ ಅಂದರೆ ಏನು ಅಂತ ಕೇಳಿದರೆ "ಕ್ಯಾಪ್ಸೂಲ್ ನಿನ್ನ ಸಬ್ಜೆಕ್ಟ್" ಅಂತಾನೆ. ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ಶನಿವಾರ, ಭಾನುವಾರ ನಾನು ಊರಿಗೆ ಬಂದಾಗ ಅದಕ್ಕೂ ಜಗಳ.

ನನಗೆ ಬೇಕಾದದ್ದು ವ್ಯಾಖ್ಯಾನ ಅಲ್ಲ. ಅದು ಪುಸ್ತಕದಲ್ಲಿ ಉಂಟು. ಪ್ಯಾಕೆಟ್, ಎನ್‌ಕ್ಯಾಪ್ಸುಲೇಷನ್, ಟಿಸಿಪಿ, ಯುಡಿಪಿ, ಹ್ಯಾಂಡ್‌ಶೇಕ್ ಇಷ್ಟು ತಲೆಗೆ ಹತ್ತುವ ಹಾಗೆ ಯಾರಾದರೂ ಹೇಳಿದರೆ ಸಾಕು.

ಉಪ್ಪಳದ ಕೇಬಲ್ ಜನ

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆರು ವರ್ಷದಿಂದ ನೆಟ್‌ವರ್ಕ್ ಟೆಕ್ನಿಷಿಯನ್. ದಿನಾ ಬೆಳಿಗ್ಗೆ ಉಪ್ಪಳದಿಂದ ರೈಲು. ನಿಮಗೆ ಗೊತ್ತಿರುವ ಕೆಲಸದಿಂದಲೇ ಶುರು ಮಾಡುತ್ತೇನೆ.

ರಕ್ತದ ಸ್ಯಾಂಪಲ್ ಲ್ಯಾಬಿಗೆ ಕಳಿಸುವುದನ್ನು ನೋಡಿದ್ದೀರಿ ಅಲ್ವಾ? ರಕ್ತ ಟ್ಯೂಬಿನಲ್ಲಿ, ಟ್ಯೂಬಿನ ಮೇಲೆ ರೋಗಿಯ ಹೆಸರು, ನಂಬರಿನ ಲೇಬಲ್. ಟ್ಯೂಬ್ ಒಂದು ಜಿಪ್ ಕವರಿನೊಳಗೆ, ಕವರಿನ ಜೇಬಿನಲ್ಲಿ ಯಾವ ವಾರ್ಡಿನಿಂದ ಯಾವ ಟೆಸ್ಟಿಗೆ ಎಂಬ ಚೀಟಿ. ಅಂಥ ಕವರುಗಳು ಪೆಟ್ಟಿಗೆಯೊಳಗೆ, ಪೆಟ್ಟಿಗೆ ಅಟೆಂಡರ್ ಕೈಯಲ್ಲಿ. ನೆಟ್‌ವರ್ಕಿನಲ್ಲಿ ಮಾಹಿತಿ ಸಣ್ಣ ಸಣ್ಣ ತುಂಡಾಗಿ ಹೋಗುತ್ತದೆ, ಆ ಒಂದೊಂದು ತುಂಡೇ ಪ್ಯಾಕೆಟ್. ಎನ್‌ಕ್ಯಾಪ್ಸುಲೇಷನ್ ಅಂದರೆ ಇಷ್ಟೇ. ಒಳಗಿನದ್ದನ್ನು ಮುಟ್ಟದೆ, ಒಂದೊಂದು ಹಂತದಲ್ಲಿ ಹೊರಗೆ ಒಂದೊಂದು ಕವರು, ಅದರ ಮೇಲೆ ಆ ಹಂತಕ್ಕೆ ಬೇಕಾದ ವಿಳಾಸ. ಅಟೆಂಡರಿಗೆ ಲ್ಯಾಬ್ ಯಾವ ಮಹಡಿ ಅಂತ ಗೊತ್ತಿದ್ದರೆ ಸಾಕು. ಒಳಗೆ ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಹಾಕಿದ ನೇರಳೆ ಮುಚ್ಚಳದ ಟ್ಯೂಬೋ, ಶುಗರಿನ ಬೂದು ಮುಚ್ಚಳದ ಟ್ಯೂಬೋ ಅವನಿಗೆ ಯಾಕೆ? ಲ್ಯಾಬಿನಲ್ಲಿ ಪೆಟ್ಟಿಗೆ, ಕವರು, ಟ್ಯೂಬು ಅಂತ ಅದೇ ಕ್ರಮದಲ್ಲಿ ಬಿಚ್ಚುತ್ತಾರೆ. ಒಂದೇ ನೆಟ್‌ವರ್ಕಿನ ಯಂತ್ರಗಳನ್ನು ಜೋಡಿಸುವ ಸ್ವಿಚ್ಚು ಹೊರಗಿನ ಕವರಿನ ಮ್ಯಾಕ್ ವಿಳಾಸ (ಯಂತ್ರದ ನೆಟ್‌ವರ್ಕ್ ಕಾರ್ಡಿನ ನಂಬರು) ಮಾತ್ರ ನೋಡುತ್ತದೆ. ಬೇರೆ ಬೇರೆ ನೆಟ್‌ವರ್ಕುಗಳನ್ನು ಜೋಡಿಸುವ ರೌಟರು ಅದನ್ನು ತೆಗೆದು ಒಳಗಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಯಂತ್ರಕ್ಕೆ ಕೊಟ್ಟ ವಿಳಾಸ) ನೋಡಿ, ಮುಂದಿನ ಹಾದಿಗೆ ಹೊಸ ಹೊರಕವರು ಹಾಕುತ್ತದೆ.

ಈಗ ಟಿಸಿಪಿ, ಅಂದರೆ ತಲುಪಿತಾ ಅಂತ ಖಾತ್ರಿ ಮಾಡಿಕೊಂಡು ಕಳಿಸುವ ಕ್ರಮ. ರಾತ್ರಿ ಡಾಕ್ಟರಿಗೆ ಫೋನ್ ಮಾಡಿದ್ದೀರಿ ಅಂತ ಇಟ್ಟುಕೊಳ್ಳಿ. "ಡಾಕ್ಟರ್, ವಾರ್ಡ್ 3ರಿಂದ, ಕೇಳ್ತಿದೆಯಾ?" "ಕೇಳ್ತಿದೆ, ನನ್ನದು ಕೇಳ್ತಿದೆಯಾ?" "ಹೌದು." ಇದು ಮೂರು ಹೆಜ್ಜೆಯ ಹ್ಯಾಂಡ್‌ಶೇಕ್. ಪುಸ್ತಕದಲ್ಲಿ ಸಿನ್, ಸಿನ್-ಆ್ಯಕ್, ಆ್ಯಕ್ ಅಂತ ಇರುತ್ತದೆ. ವಿಷಯ ಶುರುವಾಗುವುದು ಆಮೇಲೆ. ಡಾಕ್ಟರ್ ಹೇಳಿದ್ದನ್ನು ಬರೆದು ವಾಪಸ್ ಓದಿ ಹೇಳುತ್ತೀರಲ್ಲ, ಅದು ಆ್ಯಕ್. ಉತ್ತರ ಬಾರದಿದ್ದರೆ ಟಿಸಿಪಿ ಮತ್ತೆ ಕಳಿಸುತ್ತದೆ.

ಯುಡಿಪಿಗೆ ಈ ರಗಳೆ ಇಲ್ಲ. ಮೈಕಿನಲ್ಲಿ ಕೂಗಿದ ಹಾಗೆ, ಕೇಳಿದವರಿಗೆ ಕೇಳಿತು. ಮಾತು, ವಿಡಿಯೋದಂಥವು ಹೆಚ್ಚಾಗಿ ಹೀಗೇ ಹೋಗುವುದು. ಅರ್ಧ ಸೆಕೆಂಡ್ ಹಿಂದಿನ ಶಬ್ದ ಈಗ ಮತ್ತೆ ಬಂದು ಏನು ಪ್ರಯೋಜನ?

ಅಸೈನ್‌ಮೆಂಟಿಗೆ ದಾರಿ ಹೀಗೆ ಬರೆಯಿರಿ: ಎದೆಯ ಮೇಲಿನ ಎಲೆಕ್ಟ್ರೋಡ್, ಬೆರಳಿನ ಕ್ಲಿಪ್, ಅಲ್ಲಿಂದ ಮಾನಿಟರ್, ಗೋಡೆಯ ಸಾಕೆಟ್, ಅಲ್ಲಿಂದ ಸ್ವಿಚ್, ಮತ್ತೆ ಸೆಂಟ್ರಲ್ ಸ್ಟೇಷನ್ನಿನ ಪರದೆ. ತಾಮ್ರದ ಕೇಬಲ್ ಆದರೆ ಒಂದೊಂದು ಲಿಂಕ್ 100 ಮೀಟರ್ ಮೀರಬಾರದು. ಯಂತ್ರಗಳ ನಡುವೆ ಮಾಹಿತಿ ಯಾವ ರೂಪದಲ್ಲಿ ಹೋಗಬೇಕು ಎಂಬ ಒಪ್ಪಿತ ಕ್ರಮಗಳೂ ಉಂಟು: ಲ್ಯಾಬ್ ರಿಪೋರ್ಟಿನಂಥ ಮಾಹಿತಿಗೆ ಎಚ್‌ಎಲ್7, ಎಕ್ಸ್‌ರೇ, ಸಿಟಿ ಚಿತ್ರಗಳಿಗೆ ಡೈಕಾಮ್. ಅಂದ ಹಾಗೆ ಎಚ್‌ಎಲ್7ರಲ್ಲಿರುವ 7 ನಿಮ್ಮ ತಮ್ಮ ಮಂತ್ರ ಹೇಳುವ ಓಎಸ್‌ಐಯ ಏಳನೇ ಲೇಯರೇ. ಅವನಿಗೆ ಹೇಳಿ, ಖುಷಿಯಾದೀತು.

ಮುಳ್ಳೇರಿಯ ಅಕ್ಕ

ಕೇಬಲ್ ತಮ್ಮ ಚೆನ್ನಾಗಿ ಹೇಳಿದ್ದಾರೆ. ಆದರೆ ಒಂದು ಕಡೆ ತಡೆಯುತ್ತೇನೆ. ನಾನು ಸ್ಟಾಫ್ ನರ್ಸ್, ಹದಿನಾಲ್ಕು ವರ್ಷ ಆಯಿತು, ಈಗ ಗಲ್ಫಿನಲ್ಲಿದ್ದೇನೆ.

ಓದಿ ಹೇಳುವುದು ಬರೀ ಆ್ಯಕ್ ಅಲ್ಲ ಮಾರಾಯ್ರೆ. ಆ್ಯಕ್ ಅಂದರೆ "ಸಿಕ್ಕಿತು" ಅಂತ ಅಷ್ಟೇ. ನಮಗೆ "ಸಿಕ್ಕಿತು" ಸಾಲುವುದಿಲ್ಲ, ಸರಿಯಾಗಿ ಸಿಕ್ಕಿತಾ ಎಂಬುದು ಮುಖ್ಯ. ಫೋನಿನಲ್ಲಿ ಫಿಫ್ಟೀನ್, ಫಿಫ್ಟಿ ಎರಡೂ ಒಂದೇ ತರ ಕೇಳುತ್ತದೆ. ನಾನು ಯಾವತ್ತೂ "ಒನ್ ಫೈವ್ ಮಿಲಿಗ್ರಾಂ" ಅಂತ ಅಂಕಿ ಬಿಡಿಸಿ ಓದಿ, ಡಾಕ್ಟರ್ ಬಾಯಿಂದ "ಹೌದು" ಬಂದ ಮೇಲೇ ಫೋನ್ ಇಡುವುದು. ನೆಟ್‌ವರ್ಕಿನಲ್ಲಿ ಇದಕ್ಕೆ ಬೇರೆ ಏನೋ ಇರಬೇಕಲ್ಲ?

ಇನ್ನೊಂದು, ನಿಮ್ಮ ನಾಲ್ಕು ಪುಟದಲ್ಲಿ ರೋಗಿ ಎಲ್ಲಿದ್ದಾನೆ? ಪರದೆಯಲ್ಲಿ ಗೆರೆ ನೇರವಾಯಿತು ಅಂದರೆ ಹೃದಯ ನಿಂತಿತು ಅಂತಲೂ ಆಗಬಹುದು, ಎಲೆಕ್ಟ್ರೋಡ್ ಬೆವರಿಗೆ ಕಿತ್ತುಬಂತು ಅಂತಲೂ ಆಗಬಹುದು. ಮೊದಲು ಬೆಡ್ಡಿಗೆ ಹೋಗಿ ಮುಖ ನೋಡಿ, ಕರೆದು ನೋಡಿ, ನಾಡಿ ಮುಟ್ಟಿ. ವಯರು ಆಮೇಲೆ. ವೈವಾದಲ್ಲಿ ಇದನ್ನು ಕೇಳದಿದ್ದರೆ ನೀವೇ ಹೇಳಿ.

ಉಪ್ಪಳದ ಕೇಬಲ್ ಜನ

ಅಕ್ಕ, ಒಪ್ಪಿದೆ. ಅದಕ್ಕೆ ಇರುವುದು ಚೆಕ್‌ಸಮ್. ಕಳಿಸುವವನು ಒಳಗಿನದ್ದನ್ನೆಲ್ಲ ಕೂಡಿಸಿ ಬಂದ ಒಂದು ಅಂಕಿಯನ್ನೂ ಜೊತೆಗೆ ಕಳಿಸುತ್ತಾನೆ. ಪಡೆದವನು ತಾನೂ ಲೆಕ್ಕ ಹಾಕಿ ನೋಡುತ್ತಾನೆ. ತಾಳೆ ಆಗದಿದ್ದರೆ ಆ ಪ್ಯಾಕೆಟ್ ಎಸೆಯುತ್ತಾನೆ, ಆ್ಯಕ್ ಹೋಗುವುದಿಲ್ಲ, ಟಿಸಿಪಿ ಮತ್ತೆ ಕಳಿಸುತ್ತದೆ.

ನೀವು ರೋಗಿಯನ್ನು ಮೊದಲು ನೋಡಿ ಅಂದದ್ದಕ್ಕೆ ನನ್ನದೊಂದು ಕಥೆ ಉಂಟು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಹಿಂದೆ ಇದ್ದ ಜಾಗದಲ್ಲಿ. ಒಂದು ರಾತ್ರಿ ಸ್ವಿಚ್ ಪೆಟ್ಟಿಗೆ ಕ್ಲೀನ್ ಮಾಡಲು ಹೋದೆ. ಲೇಬಲ್ ಇಲ್ಲದ ನೀಲಿ ಕೇಬಲ್ ಒಂದಿತ್ತು. ಹಳೆಯದ್ದಿರಬೇಕು ಅಂದುಕೊಂಡು ಎಳೆದೆ. ಸೆಂಟ್ರಲ್ ಸ್ಟೇಷನ್ನಿನಲ್ಲಿ ಆರು ಬೆಡ್ ಒಟ್ಟಿಗೆ ಮಾಯ. ನನ್ನ ಕೈಕಾಲು ತಣ್ಣಗಾಯಿತು. ಓಡಿ ವಾರ್ಡಿಗೆ ಹೋದರೆ, ಸಿಸ್ಟರ್ ಆಗಲೇ ಎರಡನೇ ಬೆಡ್ಡಿನ ಹತ್ತಿರ ನಿಂತಿದ್ದರು. ಬೆಡ್ಡಿನ ಪಕ್ಕದ ಮಾನಿಟರುಗಳೆಲ್ಲ ಟಿಕ್ ಟಿಕ್ ಅಂತ ತಮ್ಮ ಪಾಡಿಗೆ ನಡೆಯುತ್ತಿದ್ದವು. ನೆಟ್‌ವರ್ಕ್ ಸತ್ತರೂ ಬೆಡ್ಡಿನ ಮಾನಿಟರ್ ಅಳೆಯುತ್ತದೆ, ಅಲ್ಲೇ ಅಲಾರಂ ಹೊಡೆಯುತ್ತದೆ. ನಿಂತದ್ದು ದೂರದ ಪರದೆ ಮಾತ್ರ. ನಾಲ್ಕು ನಿಮಿಷದಲ್ಲಿ ಕೇಬಲ್ ವಾಪಸ್ ಚುಚ್ಚಿದೆ. ಸಿಸ್ಟರ್ ಬೈಯಲಿಲ್ಲ. "ನಮ್ಮಲ್ಲಿ ಲೇಬಲ್ ಇಲ್ಲದ ಸಿರಿಂಜ್ ಕಂಡರೆ ಏನು ಮಾಡ್ತೇವೆ ಗೊತ್ತುಂಟಾ? ಬಿಸಾಡ್ತೇವೆ, ಊಹೆ ಮಾಡೋದಿಲ್ಲ" ಅಂದರು. ಅವತ್ತಿನಿಂದ ನಾನು ಕೇಬಲಿನ ಎರಡೂ ತುದಿಗೆ ಲೇಬಲ್ ಹಾಕದೆ ಜಾಗ ಬಿಡುವುದಿಲ್ಲ.

ಅವಳ ತಮ್ಮ

ಅಕ್ಕ ಇಲ್ಲಿ ನನ್ನ ಮಾನ ಕಳೆದದ್ದು ಈಗ ಗೊತ್ತಾಯಿತು. ಇರಲಿ. ಕೇಬಲ್ ಅಣ್ಣ, ನನ್ನದೂ ಒಂದು ಸಂಶಯ. ಸಬ್‌ನೆಟ್ಟಿಂಗ್, ಅಂದರೆ ನೆಟ್‌ವರ್ಕಿನ ವಿಳಾಸಗಳನ್ನು ಸಣ್ಣ ಗುಂಪುಗಳಾಗಿ ಹಂಚುವುದು. 32 ವಿಳಾಸ ಅಂದರೆ 30 ಮಾತ್ರ ಅಂತ ಬಾಯಿಪಾಠ ಉಂಟು. ಯಾವಾಗ /26, ಯಾವಾಗ /27 ಅಂತ ಪ್ರಶ್ನೆ ತಿರುಗಿಸಿ ಕೇಳಿದರೆ ತಲೆ ಓಡುವುದಿಲ್ಲ.

ಉಪ್ಪಳದ ಕೇಬಲ್ ಜನ

ನಿನ್ನಕ್ಕನ ವಾರ್ಡನ್ನೇ ತೆಗೆದುಕೋ. 30 ಬೆಡ್, 30 ಮಾನಿಟರ್. ಐಪಿ ವಿಳಾಸ 32 ಬಿಟ್. /27 ಅಂದರೆ 27 ಬಿಟ್ ನೆಟ್‌ವರ್ಕಿಗೆ, ಉಳಿದದ್ದು 5. ಎರಡನ್ನು ಐದು ಸಲ ಗುಣಿಸಿದರೆ 32. ಮೊದಲಿನದ್ದು ನೆಟ್‌ವರ್ಕಿನ ಹೆಸರಿಗೆ, ಕೊನೆಯದ್ದು ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟಿಗೆ. ಉಳಿಯಿತು 30. ಸರಿಯಾಯಿತು ಅಂತ ಬರೆದು ಬಂದರೆ ಮಾರ್ಕು ಹೋಯಿತು! ಹೊರಗಿನ ನೆಟ್‌ವರ್ಕಿಗೆ ಬಾಗಿಲಾದ ಗೇಟ್‌ವೇಗೆ ಒಂದು ಬೇಡವಾ? ಉಳಿದದ್ದು 29. ಮೂವತ್ತನೇ ಬೆಡ್ಡಿನವರಿಗೆ ವಿಳಾಸ ಇಲ್ಲ. ಸೆಂಟ್ರಲ್ ಸ್ಟೇಷನ್ನಿಗೂ ಇಲ್ಲ. ಹಾಗಾಗಿ /26, ಅಂದರೆ 64ರಲ್ಲಿ 62. ಎಷ್ಟು ಯಂತ್ರ ಅಂತ ಎಣಿಸು, ಗೇಟ್‌ವೇ ಸೇರಿಸು, ಮುಂದೆ ಬರಬಹುದಾದ ನಾಲ್ಕೈದು ಸೇರಿಸು, ಆಮೇಲೆ ಬಿಟ್ ಹುಡುಕು. ಪುಸ್ತಕದಲ್ಲಿ ಇದು ತಿರುಗಾಮುರುಗಾ ಇರುತ್ತದೆ.

ಮತ್ತೆ ಲ್ಯಾಬಿನಲ್ಲಿ ಯಾವುದಾದರೂ ಕಂಪ್ಯೂಟರಿನ ವಿಳಾಸ 169.254 ಅಂತ ಶುರುವಾದರೆ, ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರಿನಿಂದ ಉತ್ತರ ಸಿಗದೆ ಅದು ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಅಂತ. ಕೇಬಲ್ ನೋಡು ಮೊದಲು.

ನೀರ್ಚಾಲು ಮಾಷ್ಟ್ರು

ಇದೆಲ್ಲ ಕೇಳಲು ಚೆಂದ. ಆದರೆ ಮಕ್ಕಳೇ, ಪರೀಕ್ಷೆ ಇಂಗ್ಲಿಷಿನಲ್ಲಿ. ಜಿಪ್ ಕವರು, ಅಟೆಂಡರು ಅಂತ ಬರೆದರೆ ಯಾರೂ ಮಾರ್ಕು ಕೊಡುವುದಿಲ್ಲ. ಶಬ್ದವನ್ನು ಇಂಗ್ಲಿಷಿನಲ್ಲೇ ಕಲಿತು ಇಂಗ್ಲಿಷಿನಲ್ಲೇ ಬರೆಯಿರಿ. ನಾನು ಕನ್ನಡದ ಮಾಷ್ಟ್ರಾಗಿಯೇ ಹೇಳುತ್ತಿದ್ದೇನೆ.

ಮುಳ್ಳೇರಿಯ ಅಕ್ಕ

ಮಾಷ್ಟ್ರೆ, ಬರೆಯುವುದು ಇಂಗ್ಲಿಷಿನಲ್ಲೇ, ಯಾರು ಬೇಡ ಅಂದರು? ಅರ್ಥವಾಗದೆ ಬರೆದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಡ್ರಿಪ್ಪಿನ ಲೆಕ್ಕದ ಸೂತ್ರ ನಾನು ಇಂಗ್ಲಿಷಿನಲ್ಲಿ ಉರು ಹೊಡೆದಿದ್ದೆ. ಪರೀಕ್ಷೆಯಲ್ಲಿ ಸರಿ ಬರೆದೆ, ವಾರ್ಡಿನಲ್ಲಿ ಗಂಟೆಯನ್ನು ನಿಮಿಷ ಮಾಡಲು ಮರೆತೆ. ಸೀನಿಯರ್ ನೋಡಿದ್ದಕ್ಕೆ ಉಳಿದುಕೊಂಡೆ. ಆಮೇಲೆ ಕನ್ನಡದಲ್ಲಿ ನನಗೆ ನಾನೇ ಹೇಳಿಕೊಂಡೆ: ಬಾಟಲಿಯಲ್ಲಿ ಒಟ್ಟು ಎಷ್ಟು ಹನಿ? 1000 ಮಿಲಿ, ಒಂದು ಮಿಲಿಗೆ 20 ಹನಿ, ಒಟ್ಟು 20,000. ಎಷ್ಟು ನಿಮಿಷದಲ್ಲಿ ಮುಗಿಯಬೇಕು? 8 ಗಂಟೆ ಅಂದರೆ 480. ಭಾಗಿಸಿದರೆ ನಿಮಿಷಕ್ಕೆ 42 ಹನಿ, ಹತ್ತಿರಹತ್ತಿರ. ಮೈಕ್ರೋ ಸೆಟ್ಟಿನಲ್ಲಿ ಮಿಲಿಗೆ 60 ಹನಿ, ಹಾಗಾಗಿ ಗಂಟೆಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ಹನಿ. ಮಕ್ಕಳ ವಾರ್ಡಿನಲ್ಲಿ ಲೆಕ್ಕವೇ ಬೇಡ.

ತಮ್ಮನಿಗೂ ಇದೇ ಎಡವಟ್ಟು ಆಗುತ್ತದೆ ಅಂತ ಕಾಣುತ್ತದೆ, ಬಿಟ್ಟು ಮತ್ತು ಬೈಟು.

ಅವಳ ತಮ್ಮ

ಆಗುತ್ತದೆ ಅಕ್ಕ. 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಲೈನಿನಲ್ಲಿ 500 ಎಂಬಿ (ಮೆಗಾಬೈಟ್) ಸಿಟಿ ಸ್ಕ್ಯಾನ್ ಹೋಗಲು ಎಷ್ಟು ಹೊತ್ತು ಅಂತ ಮೊನ್ನೆ ಕೇಳಿದ್ದರು. 5 ಸೆಕೆಂಡ್ ಅಂತ ಬರೆದೆ. ಒಂದು ಬೈಟಿಗೆ 8 ಬಿಟ್, 4000 ಭಾಗಿಸು 100, ಬೇಕಾದದ್ದು 40. ಸೊನ್ನೆ ಸಿಕ್ಕಿತು.

ಸೀತಾಂಗೋಳಿ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಸೈನ್‌ಮೆಂಟ್ ಕೊಟ್ಟೆ, ನಿನ್ನೆ ವೈವಾ ಕೂಡ ಆಯಿತು. ಮಾಷ್ಟ್ರು ಹೇಳಿದ ಹಾಗೆ ಇಂಗ್ಲಿಷಿನಲ್ಲೇ ಬರೆದೆ, ಆದರೆ ಮೊದಲು ನೋಟ್ಸಿನ ಹಿಂದೆ ಪೆಟ್ಟಿಗೆ, ಕವರು, ಟ್ಯೂಬಿನ ಚಿತ್ರ ಮಾಡಿಕೊಂಡಿದ್ದೆ.

ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ಬೇರೆ ಬೇರೆ ವೇಗದ ಎರಡು ಯಂತ್ರಗಳನ್ನು ಕೇಬಲಿನಲ್ಲಿ ಜೋಡಿಸಿದರೆ ಯಾವ ವೇಗದಲ್ಲಿ ಮಾತಾಡುತ್ತವೆ? ಇದು ಇಲ್ಲಿ ಯಾರೂ ಹೇಳಿರಲಿಲ್ಲ! ಒಂದು ಕ್ಷಣ ಬೆವರಿದೆ. ಆಮೇಲೆ ನಮ್ಮ ಕುಂಬಳೆ ಬಸ್ ಸ್ಟ್ಯಾಂಡ್ ನೆನಪಾಯಿತು. ಗೊತ್ತಿಲ್ಲದವರ ಹತ್ತಿರ ಮಾತು ಶುರು ಮಾಡುವಾಗ ನಾವು ಏನು ಮಾಡುತ್ತೇವೆ? ಮೊದಲ ಎರಡು ವಾಕ್ಯದಲ್ಲಿ ಯಾವ ಭಾಷೆ ಅಂತ ತೀರ್ಮಾನ ಆಗಿಬಿಡುತ್ತದೆ. ಇಬ್ಬರಿಗೂ ಚೆನ್ನಾಗಿ ಬರುವುದು ತುಳುವಾದರೆ ತುಳು, ಇಲ್ಲದಿದ್ದರೆ ಕನ್ನಡ, ಅದೂ ಇಲ್ಲದಿದ್ದರೆ ಮಲಯಾಳ. ಯಾರೂ ಕೂತು ಚರ್ಚೆ ಮಾಡುವುದಿಲ್ಲ. ಹಾಗೇ ಎರಡೂ ಯಂತ್ರ ತಮಗೆ ಏನೇನು ಬರುತ್ತದೆ ಅಂತ ಹೇಳಿಕೊಂಡು, ಇಬ್ಬರಿಗೂ ಬರುವುದರಲ್ಲಿ ಎಲ್ಲಕ್ಕಿಂತ ವೇಗದ್ದನ್ನು ಆರಿಸಿಕೊಳ್ಳುತ್ತವೆ ಅಂದೆ. ಮೇಡಂ "ಆಟೋ ನೆಗೋಷಿಯೇಷನ್" ಅಂತ ಹೆಸರು ತಾವೇ ಹೇಳಿ ಮಾರ್ಕು ಹಾಕಿಕೊಂಡರು.

ಹೋದ ವಾರ ವಾರ್ಡಿನಲ್ಲಿ ಒಬ್ಬ ಅಜ್ಜಿಗೆ "ನೋವು ಉಂಟಾ?" ಅಂತ ಕೇಳಿದೆ, ಸುಮ್ನೆ ನೋಡಿದರು. ಮಲಯಾಳದಲ್ಲಿ "ವೇದನಯುಂಡೋ?" ಅಂದೆ, ಅದಕ್ಕೂ ಇಲ್ಲ. ತುಳುವಿನಲ್ಲಿ "ಬೇನೆ ಉಂಡಾ?" ಅಂದ ಕೂಡಲೇ ಕೈ ಹಿಡಿದು ಸೊಂಟದಿಂದ ಮೊಣಕಾಲಿನವರೆಗೆ ಎಲ್ಲ ತೋರಿಸಿದರು. ಹತ್ತು ನಿಮಿಷ ಬಿಡಲಿಲ್ಲ.

ಮುಳ್ಳೇರಿಯ ಅಕ್ಕ, ರೋಗಿಯನ್ನು ಮೊದಲು ನೋಡುವ ಮಾತು ನಾನಾಗಿಯೇ ಹೇಳಿದೆ. ಮೇಡಂ ತಲೆಯಾಡಿಸಿದರು, ಏನೂ ಹೇಳಲಿಲ್ಲ.

ತಮ್ಮನ ಪರೀಕ್ಷೆ ನಾಳೆ. ಲ್ಯಾಪ್‌ಟಾಪ್ ಅವನಿಗೇ ಬಿಟ್ಟು ಬಂದೆ. ಆದರೆ ಚಾರ್ಜರ್ ನನ್ನ ಬ್ಯಾಗಿನಲ್ಲಿ ಮಂಗಳೂರಿಗೆ ಬಂದಿದೆ. ಈಗಷ್ಟೇ ನೋಡಿದೆ. ಫೋನಿನಲ್ಲಿ ಏಳು ಮಿಸ್ಡ್ ಕಾಲ್ ಉಂಟು.