ಬ್ರ್ಯಾಂಡೆಡ್ ಗೇಮಿಂಗ್ ಪಿಸಿಗೆ ಹೊಸ ಎಸ್‌ಎಂಪಿಎಸ್: ಕೊಳ್ಳುವ ಮೊದಲು ಪಿನ್ ಎಣಿಸಿ

ಪ್ರಶ್ನೆ (ದಾವಣಗೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿ):
ಸರ್, ನಮಸ್ಕಾರ. ಎರಡು ವರ್ಷದ ಹಿಂದೆ ಅಪ್ಪ ಒಂದು ದೊಡ್ಡ ಕಂಪನಿಯ ಗೇಮಿಂಗ್ ಡೆಸ್ಕ್‌ಟಾಪ್ ಕೊಡಿಸಿದರು. ಐ5-12400ಎಫ್ ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 300 ವಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ). ಈಗ ಸೀನಿಯರ್ ಒಬ್ಬರು ತಮ್ಮ ಆರ್‌ಟಿಎಕ್ಸ್ 3060 ಕಾರ್ಡ್ ಮಾರುತ್ತಿದ್ದಾರೆ, ಒಳ್ಳೇ ರೇಟಿಗೆ ಸಿಗುತ್ತೆ. 550 ವಾಟ್‌ನ ಹೊಸ ಎಸ್‌ಎಂಪಿಎಸ್ ಹಾಕಿದರೆ ಸಾಕಾ? ಇಲ್ಲೊಂದು ಅಂಗಡಿಯಲ್ಲಿ ಕೇಳಿದೆ. ಎಸ್‌ಎಂಪಿಎಸ್ ಬದಲಾಯಿಸೋದೇ ಬೇಡ, ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ವೈರಿಗೆ ಕಾರ್ಡಿನ 8 ಪಿನ್ ಕನ್ವರ್ಟರ್ ಹಾಕಿ ಕೊಡ್ತೀವಿ ಅಂದರು.

ಉತ್ತರ (ಬೆಂಗಳೂರಿನ ಕಂಪ್ಯೂಟರ್ ಸರ್ವೀಸ್ ಟೆಕ್ನೀಷಿಯನ್):
ನಮಸ್ಕಾರ. ಮೊದಲು ಆ ಕನ್ವರ್ಟರ್ ವಿಷಯ. ದಯವಿಟ್ಟು ಹಾಕಿಸಬೇಡಿ. ಕಾರ್ಡಿನ 8 ಪಿನ್ ಕನೆಕ್ಟರ್ 150 ವಾಟ್‌ವರೆಗೆ ಎಳೆಯಬಹುದು. ಸಾಟಾ ಕನೆಕ್ಟರ್‌ನ 12 ವೋಲ್ಟ್ ಪಿನ್‌ಗಳು ತಡೆಯೋದು ಬರೀ 54 ವಾಟ್. ಹೀಗೆ ಹಾಕಿಸಿಕೊಂಡಿದ್ದ ಒಂದು ಪಿಸಿ ನನ್ನ ಟೇಬಲ್ಲಿಗೆ ಬಂದಿತ್ತು. ಕನೆಕ್ಟರ್ ಕರಗಿ ಅಂಟಿಕೊಂಡಿತ್ತು, ಹಳದಿ ವೈರಿನ ತುದಿ ಸುಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ಎಳೆದರೆ ಬರಲಿಲ್ಲ, ಕತ್ತರಿಸಿಯೇ ತೆಗೆಯಬೇಕಾಯಿತು. ಆ ಮನೆಯವರು ವಾಸನೆ ಬಂದ ಕೂಡಲೇ ಸ್ವಿಚ್ ಆಫ್ ಮಾಡಿದ್ದರು, ಬಚಾವಾದರು.

300 ವಾಟ್ ಸಾಲಲ್ಲ ಅನ್ನೋದು ನಿಜ. 3060 ಒಂದೇ 170 ವಾಟ್. ನಿಮ್ಮ ಪ್ರೊಸೆಸರ್ 65 ವಾಟ್ ಅಂತ ಹೇಳಿದರೂ ಜೋರಾಗಿ ಓಡುವಾಗ 117ರವರೆಗೆ ಹೋಗುತ್ತೆ. ಅಲ್ಲಿಗೇ 287. ಬೋರ್ಡ್, ರ್‍ಯಾಮ್, ಫ್ಯಾನ್ ಸೇರಿದರೆ 300 ದಾಟಿತು. ಈ ಕಾರ್ಡಿನ ಚಿಪ್ ಮಾಡುವ ಎನ್ವಿಡಿಯಾದವರೂ ಇದಕ್ಕೆ 550 ವಾಟ್ ಇರಲಿ ಅಂತಾರೆ.

ಆದರೆ ನಿಮ್ಮ ಕೇಸಿನಲ್ಲಿ ವಾಟ್ ಆಮೇಲಿನ ಮಾತು. ತಂದ ಎಸ್‌ಎಂಪಿಎಸ್ ನಿಮ್ಮ ಬೋರ್ಡಿಗೆ ಕೂರುತ್ತಾ ಅನ್ನೋದು ಮೊದಲು. ಅಸೆಂಬಲ್ ಮಾಡಿದ ಪಿಸಿಯಲ್ಲಿ ಮದರ್‌ಬೋರ್ಡಿಗೆ 24 ಪಿನ್ ಕನೆಕ್ಟರ್ ಇರುತ್ತೆ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಎಷ್ಟೋ ಮಾಡೆಲ್‌ಗಳಲ್ಲಿ ಅದು ಇರಲ್ಲ, ಅವರದೇ ಬೇರೆ ಕನೆಕ್ಟರ್. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಸೈಡ್ ಪ್ಯಾನೆಲ್ ತೆಗೆಯಿರಿ. ಮೊಬೈಲ್ ಟಾರ್ಚ್ ಹಾಕಿ ಪಿನ್ ಎಣಿಸಿ. ಎಸ್‌ಎಂಪಿಎಸ್ ಡಬ್ಬಿಯ ಅಳತೆಯನ್ನೂ ತಗೊಳ್ಳಿ: ಅಂಗಡಿಯಲ್ಲಿ ಸಿಗುವ ಮಾಮೂಲಿ ಎಟಿಎಕ್ಸ್ ಸೈಜ್ ಆದರೆ ಅಗಲ 150, ಎತ್ತರ 86 ಮಿಲಿಮೀಟರ್. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.

ಅದೇ ವಿದ್ಯಾರ್ಥಿ:
ನೋಡಿದೆ ಸರ್. ಅಳತೆ ನೀವು ಹೇಳಿದ್ದೇ ಇದೆ. ಆದರೆ ಪಿನ್ ಹತ್ತೇ ಇದೆ, ಐದೈದರ ಎರಡು ಸಾಲು. ಹಾರ್ಡ್ ಡಿಸ್ಕಿಗೆ ಕರೆಂಟ್ ಕೂಡ ಮದರ್‌ಬೋರ್ಡಿನಿಂದಲೇ ಹೋಗಿದೆ. 24ರಿಂದ 10 ಪಿನ್ ಮಾಡುವ ಅಡಾಪ್ಟರ್ ಆನ್‌ಲೈನಲ್ಲಿ ಇದೆ. ತರಿಸಲಾ?

ಉತ್ತರ:
ಎಣಿಸಿದ್ದು ಒಳ್ಳೇದಾಯಿತು. ನಿಮ್ಮ ಬೋರ್ಡ್ ಬರೀ 12 ವೋಲ್ಟ್ ತಗೊಂಡು, 5 ಮತ್ತು 3.3 ವೋಲ್ಟನ್ನು ತಾನೇ ಮಾಡಿಕೊಳ್ಳುವ ಜಾತಿಯದು. ಹಾರ್ಡ್ ಡಿಸ್ಕಿನ ವೈರ್ ಬೋರ್ಡಿನಿಂದ ಹೊರಟಿರೋದು ಅದಕ್ಕೇ. ಪಿಸಿ ಆಫ್ ಇದ್ದಾಗಲೂ ಬೋರ್ಡಿಗೆ ಸ್ವಲ್ಪ ಕರೆಂಟ್ ಬೇಕಲ್ವಾ, ಮಾಮೂಲಿ ಎಸ್‌ಎಂಪಿಎಸ್ ಅದನ್ನು 5 ವೋಲ್ಟ್‌ನಲ್ಲಿ ಕೊಡುತ್ತೆ. ಇಂಥ ಬೋರ್ಡ್‌ಗಳು 12ರ ಆಸುಪಾಸು ಕೇಳುತ್ತವೆ. ಅದಕ್ಕೆ ಸರಿಯಾದ ಅಡಾಪ್ಟರ್‌ನಲ್ಲಿ ಈ ವ್ಯತ್ಯಾಸ ಸರಿಮಾಡುವ ಏರ್ಪಾಡು ಇರಬೇಕು. ಇನ್ನೊಂದು, 10 ಪಿನ್ ಅಂದ ಮಾತ್ರಕ್ಕೆ ಎಲ್ಲಾ ಒಂದೇ ಅಲ್ಲ. ಪಿನ್ ಸಂಖ್ಯೆ ಅಷ್ಟೇ ಇದ್ದು ವೈರ್‌ಗಳ ಜಾಗ ಬೇರೆ ಇದ್ದರೆ ಬೋರ್ಡೇ ಹೋಗುತ್ತೆ. ನಿಮ್ಮ ಮಾಡೆಲ್ ನಂಬರ್ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಯೋಚಿಸಿ. ನಾನಂತೂ ಗಿರಾಕಿಗಳಿಗೆ ಹಾಕಿಕೊಡಲ್ಲ.

ಜಾಸ್ತಿ ಖರ್ಚು ಬೇಡ ಅಂದರೆ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ ನೋಡಿ. 70 ವಾಟ್ ಅಷ್ಟೇ, ಬೇರೆ ಪವರ್ ವೈರೇ ಬೇಡ, ಈಗಿರುವ ಎಸ್‌ಎಂಪಿಎಸ್ ಸಾಕು. 3060ರ ಸ್ಪೀಡ್ ಬರಲ್ಲ. 3060 ಬೇಕೇ ಬೇಕು ಅಂದರೆ ನಿಮ್ಮ ಪ್ರೊಸೆಸರ್ ಕೂರುವ ಎಲ್‌ಜಿಎ 1700 ಸಾಕೆಟ್‌ನ ಎಚ್610 ಮದರ್‌ಬೋರ್ಡ್, ಮಾಮೂಲಿ ಕ್ಯಾಬಿನೆಟ್, 550 ವಾಟ್ ಎಸ್‌ಎಂಪಿಎಸ್ ತಗೊಳ್ಳಿ. ಪ್ರೊಸೆಸರ್, ಎಸ್‌ಎಸ್‌ಡಿ ಹಳೆಯದೇ ನಡೆಯುತ್ತೆ. ರ್‍ಯಾಮ್ ಡಿಡಿಆರ್4 ಇದ್ದರೆ ಬೋರ್ಡೂ ಡಿಡಿಆರ್4ದೇ ಇರಲಿ. ಜೊತೆಗೆ ಬಂದ ವಿಂಡೋಸ್ ಹಳೇ ಬೋರ್ಡಿಗೆ ಕಟ್ಟಿಕೊಂಡಿರುತ್ತೆ, ಅದರ ಖರ್ಚೂ ಲೆಕ್ಕದಲ್ಲಿರಲಿ. ನನಗೆ ಕೇಳಿದರೆ ಈ ದಾರಿಯೇ ಸರಿ. ಮುಂದೆ ಏನು ಬದಲಾಯಿಸಬೇಕೆಂದರೂ ಅಂಗಡಿಯಲ್ಲಿ ಸಿಗುವ ಪಾರ್ಟ್ ನೇರ ಕೂರುತ್ತೆ.

ಎಸ್‌ಎಂಪಿಎಸ್ ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಕ್ಷರ ಬಿಡಿ, ಲೇಬಲ್‌ನಲ್ಲಿ 12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ. 45 ಇದ್ದರೆ 540 ವಾಟ್, ಸರಿ. 450 ವಾಟ್ ಅಂತ ಹೆಸರಿಟ್ಟು 18 ಆಂಪಿಯರ್ ಬರೆದಿದ್ದರೆ ಅಲ್ಲಿರೋದು 216 ವಾಟ್ ಮಾತ್ರ.

ಇನ್ನೊಬ್ಬರು (ಹುಬ್ಬಳ್ಳಿ):
ಸರ್, ನಾನು ಮೊನ್ನೆ ಮಾಡ್ಯುಲರ್ (ಕೇಬಲ್ ಕಿತ್ತು ಹಾಕಬಹುದಾದ) ಎಸ್‌ಎಂಪಿಎಸ್ ಬದಲಾಯಿಸಿದೆ. ಹಳೇ ಕೇಬಲ್ ನೀಟಾಗಿ ಕಟ್ಟಿದ್ದವು, ಹೊಸದಕ್ಕೂ ಸರಿಯಾಗಿ ಕೂತವು, ಹಾಗೇ ಬಿಟ್ಟೆ. ಈಗ ಹಾರ್ಡ್ ಡಿಸ್ಕ್ ತಿರುಗ್ತಾನೇ ಇಲ್ಲ. ಮಗಳ ಹುಟ್ಟಿದಾಗಿನ ಫೋಟೊ ಎಲ್ಲಾ ಅದರಲ್ಲಿದೆ.

ಉತ್ತರ:
ಮತ್ತೆ ಆನ್ ಮಾಡಬೇಡಿ, ಮೊದಲು ಆ ಕೇಬಲ್‌ಗಳನ್ನೆಲ್ಲ ತೆಗೆಯಿರಿ. ಮಾಡ್ಯುಲರ್ ಕೇಬಲ್‌ನ ಡಿಸ್ಕ್ ಕಡೆಯ ತುದಿ ಎಲ್ಲರದ್ದೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿ ಕಂಪನಿಗೊಂದು ರೀತಿ, ಕೆಲವೊಮ್ಮೆ ಒಂದೇ ಕಂಪನಿಯಲ್ಲೂ ಮಾಡೆಲ್‌ಗೊಂದು ರೀತಿ. 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋಗಿರಬೇಕು.

ಆದರೆ ಧೈರ್ಯವಾಗಿರಿ. 3.5 ಇಂಚಿನ ಡಿಸ್ಕ್‌ಗಳ ಹಸಿರು ಬೋರ್ಡಿನಲ್ಲಿ ಸಾಮಾನ್ಯವಾಗಿ ಟಿವಿಎಸ್ ಡಯೋಡ್ ಅಂತ ಇರುತ್ತೆ, ಪವರ್ ಕನೆಕ್ಟರ್ ಪಕ್ಕದಲ್ಲೇ. ವೋಲ್ಟೇಜ್ ಜಾಸ್ತಿ ಬಂದರೆ ಅದು ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡುತ್ತೆ. ಅದೊಂದೇ ಹೋಗಿದ್ದರೆ ಫೋಟೊಗಳು ಡಿಸ್ಕಿನೊಳಗೆ ತಿರುಗುವ ಪ್ಲೇಟಿನ ಮೇಲೆ ಹಾಗೇ ಇರುತ್ತವೆ. ಬರೀ ಸರ್ವೀಸ್ ಅಂಗಡಿಗೆ ಬೇಡ, ಡೇಟಾ ರಿಕವರಿ ಮಾಡುವವರ ಹತ್ತಿರವೇ ತಗೊಂಡು ಹೋಗಿ. ಏನಾಯಿತು ಅಂತ ಮುಚ್ಚಿಡದೆ ಹೇಳಿ. ಬೇರೆ ಡಿಸ್ಕಿನ ಬೋರ್ಡ್ ಬಿಚ್ಚಿ ಇದಕ್ಕೆ ಹಾಕೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಡಿಸ್ಕಿಗೆ ಡಿಸ್ಕಿಗೆ ಬೇರೆಯಾದ ಮಾಹಿತಿ ಆ ಬೋರ್ಡಿನಲ್ಲೇ ಇರುತ್ತೆ.